ಬಿಟ್ಟದ್ದು ಮತ್ತು ಬಚ್ಚಿಟ್ಟದ್ದು

ಹೊಸ ಮಾದರಿಯೊಂದರಲ್ಲಿ ಯಾವ ಸೌಲಭ್ಯ ಇರಬೇಕು, ಯಾವುದು ಇರಬಾರದು ಎಂದು ಕ್ಯಾಮೆರಾ ತಯಾರಕರು ತೀರ್ಮಾನಿಸುವಾಗ ಅವರ ಮುಂದಿರುವುದು ತಂತ್ರಜ್ಞಾನದ ಮಿತಿಯೊಂದೇ ಅಲ್ಲ. ಅಗ್ಗದ ಮಾದರಿಯನ್ನು ಕೊಂಡವರು ಅಷ್ಟಕ್ಕೇ ತೃಪ್ತರಾಗಿ ದುಬಾರಿ ಮಾದರಿಯತ್ತ ಕಣ್ಣೆತ್ತಿಯೂ ನೋಡದೆ ಹೋದಾರೆಂಬ ಅಳುಕೂ ಆ ತೀರ್ಮಾನದಲ್ಲಿ ಸೇರಿರುತ್ತದೆ. ಈ ಅಳುಕು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ 2003ರಲ್ಲಿ ಕ್ಯಾನನ್ ಹೊರತಂದ ಇಒಎಸ್ 300ಡಿ ಸ್ಪಷ್ಟ ನಿದರ್ಶನ. ಡಿಜಿಟಲ್ ಎಸ್‌ಎಲ್‌ಆರ್, ಅಂದರೆ ಮಸೂರದ ಮೂಲಕ ಬಂದ ಬೆಳಕನ್ನೇ ಒಳಗಿನ ಕನ್ನಡಿ ಪ್ರತಿಫಲಿಸಿ ಕಣ್ಣಿಗೆ ಮುಟ್ಟಿಸುವ ಕ್ಯಾಮೆರಾ, ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ದೊರೆಯತೊಡಗಿದ್ದು ಅದರಿಂದಲೇ, ಮತ್ತು ಆ ಸಾಧನೆ ಸಣ್ಣದಲ್ಲ. ಹೊರಮೈಗೆ ಪ್ಲಾಸ್ಟಿಕ್ ಬಳಸಿ, ಗಾಜಿನ ಪಟ್ಟಕದ ಬದಲು ಕನ್ನಡಿಗಳನ್ನು ಜೋಡಿಸಿ ವೆಚ್ಚವನ್ನು ತಗ್ಗಿಸಲಾಗಿತ್ತು. ಆದರೆ ಅದೇ ವರ್ಷದ ದುಬಾರಿ ಮಾದರಿ 10ಡಿಯ 63 ಲಕ್ಷ ಪಿಕ್ಸೆಲ್‌ಗಳ ಸೆನ್ಸರನ್ನೇ ಪಡೆದಿದ್ದ ಈ ಕ್ಯಾಮೆರಾದಲ್ಲಿ, ಫ್ಲ್ಯಾಶ್ ಬೆಳಕನ್ನು ಬೇಕಾದಷ್ಟು ಹೆಚ್ಚು ಕಡಿಮೆ ಮಾಡಿಕೊಳ್ಳುವ ಅನುಕೂಲವಾಗಲಿ, ಕಂಪನದಿಂದ ಚಿತ್ರ ಮಸುಕಾಗದಂತೆ ಕನ್ನಡಿಯನ್ನು ಮೊದಲೇ ಮೇಲೆತ್ತಿ ನಿಲ್ಲಿಸುವ ಅನುಕೂಲವಾಗಲಿ ಇರಲಿಲ್ಲ. ಕ್ಯಾಮೆರಾದ ಭಾಗಗಳನ್ನೆಲ್ಲ ನಡೆಸುವ ಒಳತಂತ್ರಾಂಶಕ್ಕೆ ಫರ್ಮ್‌ವೇರ್ ಎಂದು ಹೆಸರು. ಹವ್ಯಾಸಿಗಳು ಮಾರ್ಪಡಿಸಿದ ಫರ್ಮ್‌ವೇರನ್ನು ಅಳವಡಿಸಿದೊಡನೆ ಇವೆರಡೂ ಕೆಲಸ ಮಾಡತೊಡಗಿದವು. ಪ್ಲಾಸ್ಟಿಕ್ಕಿನ ಉಳಿತಾಯ ಕೊಂಡವರ ಕಿಸೆಗೆ ಸಂದಿತ್ತು. ಈ ಬೀಗದಿಂದ ಅವರಿಗೆ ಸಂದದ್ದು ಏನೂ ಇಲ್ಲ.

ಸೌಲಭ್ಯ ಇಲ್ಲದಿರುವುದೆಲ್ಲ ವಂಚನೆಯಲ್ಲ. ಪ್ರತಿಯೊಂದನ್ನೂ ಪರೀಕ್ಷಿಸಬೇಕು, ಕೈಪಿಡಿಯಲ್ಲಿ ವಿವರಿಸಬೇಕು, ಬಿಸಿಯೇರುವಿಕೆಯನ್ನೂ ಬ್ಯಾಟರಿಯ ಬಾಳಿಕೆಯನ್ನೂ ಲೆಕ್ಕ ಹಾಕಬೇಕು. ಅನೇಕ ಕ್ಯಾಮೆರಾಗಳಲ್ಲಿ ವಿಡಿಯೊ 29 ನಿಮಿಷ 59 ಸೆಕೆಂಡಿಗೆ ನಿಲ್ಲುತ್ತಿದ್ದುದಕ್ಕೆ, 30 ನಿಮಿಷ ದಾಟಿದರೆ ವಿಡಿಯೊ ಕ್ಯಾಮೆರಾ ಎಂದು ಹೆಚ್ಚು ಸುಂಕ ಹೇರುತ್ತಿದ್ದ ಐರೋಪ್ಯ ಒಕ್ಕೂಟದ ನಿಯಮವೂ ಒಂದು ಕಾರಣವಾಗಿತ್ತು.

ಬಚ್ಚಿಡುವ ಪದ್ಧತಿಯ ನಿಜವಾದ ದೋಷ ಬೇರೆಡೆ ಇದೆ: ಉಪಕರಣವೊಂದರಿಂದ ಯಾರು ಏನು ಮಾಡಬಲ್ಲರೆಂಬುದು ತಯಾರಕರಿಗೆ ಮೊದಲೇ ತಿಳಿದಿದೆಯೆಂದು ಅದು ನಂಬಿಕೊಳ್ಳುತ್ತದೆ. ಕ್ಯಾನನ್‌ನದೇ 2008ರ ಕ್ಯಾಮೆರಾ 5ಡಿ ಮಾರ್ಕ್ 2 ಈ ನಂಬಿಕೆಯನ್ನು ಅಲುಗಾಡಿಸಿತು. ಸುದ್ದಿಸಂಸ್ಥೆಗಳ ಛಾಯಾಗ್ರಾಹಕರು ಸ್ಥಿರಚಿತ್ರದ ಜೊತೆಗೆ ತುಣುಕು ದೃಶ್ಯಗಳನ್ನೂ ಕಳಿಸಲೆಂದು ಅದರಲ್ಲಿ ವಿಡಿಯೊ ಸೇರಿಸಲಾಗಿತ್ತೇ ಹೊರತು ಸಿನಿಮಾ ಮಾಡುವವರು ತಯಾರಕರ ಎಣಿಕೆಯಲ್ಲಿ ಮುಖ್ಯರಾಗಿರಲಿಲ್ಲ. ಸೆಕೆಂಡಿಗೆ 30 ಫ್ರೇಮ್‌ಗಳ ಒಂದೇ ವೇಗವಿದ್ದು, ಸಿನಿಮಾಕ್ಕೆ ಬೇಕಾದ 24 ಆಗಲಿ, ಭಾರತವೂ ಸೇರಿ ಅನೇಕ ದೇಶಗಳ ದೂರದರ್ಶನ ಬಳಸುವ 25 ಆಗಲಿ ಇರಲಿಲ್ಲ. ಆದರೂ ದೊಡ್ಡ ಸೆನ್ಸರ್ ಕೊಡುವ, ಹಿನ್ನೆಲೆ ಮೃದುವಾಗಿ ಕರಗುವ ದೃಶ್ಯಕ್ಕೆ ಮರುಳಾದ ಚಿತ್ರತಯಾರಕರು ಅದನ್ನು ಕೈಗೆತ್ತಿಕೊಂಡರು. 2009ರಲ್ಲಿ ಎಕ್ಸ್‌ಪೋಷರನ್ನು ಕೈಯಾರೆ ನಿಯಂತ್ರಿಸುವ ಅವಕಾಶವೂ, 2010ರಲ್ಲಿ 24 ಮತ್ತು 25ರ ವೇಗಗಳೂ ಫರ್ಮ್‌ವೇರ್ ಮೂಲಕ ಬಂದವು; ಅಮೆರಿಕದ ‘ಹೌಸ್’ ಧಾರಾವಾಹಿಯ ಕಂತೊಂದು ಇದೇ ಕ್ಯಾಮೆರಾದಲ್ಲಿ ಚಿತ್ರಿತವಾಯಿತು. ಇಷ್ಟಾದರೂ 2019ರ ಇಒಎಸ್ ಆರ್‌ಪಿ ಮಾರುಕಟ್ಟೆಗೆ ಬಂದಾಗ ಅದರ 4ಕೆ ವಿಡಿಯೊದಲ್ಲಿದ್ದ 24ರ ವೇಗ, ಅದಕ್ಕಿಂತ ಹಗುರವಾದ ಫುಲ್ ಎಚ್‌ಡಿಯಲ್ಲಿ ಇರಲಿಲ್ಲ. ಟೀಕೆಗಳ ಬಳಿಕ ಫರ್ಮ್‌ವೇರ್ ಮೂಲಕವೇ ಅದನ್ನು ಸೇರಿಸಲಾಯಿತೆಂದ ಮೇಲೆ, ಯಂತ್ರಕ್ಕೆ ಅದು ಅಸಾಧ್ಯವಾಗಿತ್ತೆಂಬ ಸಮರ್ಥನೆಗೆ ಆಧಾರ ಉಳಿಯುವುದಿಲ್ಲ.

ನಿಕಾನ್ 2013ರಲ್ಲಿ ತಂದ ಡಿಎಫ್ ಇಲ್ಲಿ ಉಪಯುಕ್ತ ಹೋಲಿಕೆ. ವಿಡಿಯೊ ತೆಗೆಯುವ ಡಿ4 ಕ್ಯಾಮೆರಾದ ಸೆನ್ಸರೇ ಅದರಲ್ಲಿದ್ದರೂ ವಿಡಿಯೊವನ್ನು ಸಂಪೂರ್ಣವಾಗಿ ಬಿಡಲಾಯಿತು. ಆದರೆ ಸ್ಥಿರಚಿತ್ರಕ್ಕೇ ಮೀಸಲಾದ, ತಿರುಗುಗುಂಡಿಗಳಿಂದ ನಡೆಯುವ ಕ್ಯಾಮೆರಾ ಇದೆಂದು ಮೊದಲೇ ಹೇಳಿ ಮಾರಿದ್ದರಿಂದ ಆ ಅಭಾವಕ್ಕೆ ವಿನ್ಯಾಸದ ಅರ್ಥವಿತ್ತು. ಬೆಲೆ ತಗ್ಗಲಿಲ್ಲವೆಂಬ ಆಕ್ಷೇಪ ನ್ಯಾಯವಾದದ್ದೇ, ಆದರೂ ಕೊಂಡವರಿಗೆ ತಾವು ಏನು ಕೊಳ್ಳುತ್ತಿದ್ದೇವೆಂಬುದು ಗೊತ್ತಿತ್ತು. ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋದದ್ದು ಫ್ಯೂಜಿಫಿಲ್ಮ್: 2011ರ ಎಕ್ಸ್100 ಕ್ಯಾಮೆರಾದ ಉತ್ತರಾಧಿಕಾರಿ ಆಗಲೇ ಅಂಗಡಿಗೆ ಬಂದಿದ್ದ 2013ರಲ್ಲಿ, ಹಳೆಯದನ್ನೇ ಇಟ್ಟುಕೊಂಡವರಿಗೆ ಅದು ಫೋಕಸ್ ಚುರುಕಾಗುವ ಹೊಸ ಫರ್ಮ್‌ವೇರನ್ನು ಉಚಿತವಾಗಿ ಕೊಟ್ಟಿತು.