ಹಳೆಯದರ ವೇಷ ತೊಟ್ಟ ಹೊಸ ವಾದ್ಯ

ವಸ್ತುವು ಬಳಕೆಯಿಂದ ಸವೆಯುತ್ತದೆ, ಸವೆದಂತೆ ಅದರ ಬೆಲೆ ಇಳಿಯುತ್ತದೆ ಎಂಬುದು ನಮ್ಮ ಹಿರಿಯರು ಕಂಡುಕೊಂಡ ಲೋಕವ್ಯವಹಾರ. ಹೊಸ ವಸ್ತುವನ್ನು ಕಾರ್ಖಾನೆಯಲ್ಲಿಯೇ ಸವೆಸಿ, ಗೀರಿ, ತುಕ್ಕು ಹಿಡಿಸಿ, ಹೊಳೆಯುವ ಅದರ ಜೊತೆಗಾರನಿಗಿಂತ ಹೆಚ್ಚಿನ ಬೆಲೆಗೆ ಮಾರುವ ಪದ್ಧತಿಯೊಂದು ಉಂಟೆಂದರೆ ಅವರು ನಂಬುತ್ತಿದ್ದರೋ ಇಲ್ಲವೋ. ಶಿರೂರಿನಲ್ಲಿರುವ ನಮ್ಮ ಅಣ್ಣನ ಮೊಮ್ಮಗ ಇಂಥದೇ ಪ್ರಶ್ನೆಯನ್ನು ಹಿಡಿದು ನನ್ನಲ್ಲಿಗೆ ಬಂದನು. ವಿಧಾನ, ಪಂಚಕಲ್ಯಾಣಗಳಲ್ಲಿ ಭಕ್ತಿಗೀತೆ ನುಡಿಸುವ ಸಂಗೀತ ತಂಡದಲ್ಲಿ ಅವನು ಗಿಟಾರುವಾದಕ. ಎರಡು ಎಲೆಕ್ಟ್ರಿಕ್ ಗಿಟಾರುಗಳು ಅವನ ಮುಂದಿದ್ದವು. ಒಂದು ಕನ್ನಡಿಯಂತೆ ಹೊಳೆಯುವುದು. ಇನ್ನೊಂದು ಮೂವತ್ತು ವರ್ಷ ಊರೂರು ಸುತ್ತಿ ಬಂದಂತೆ ಬಣ್ಣ ಉದುರಿದ್ದು. ಎರಡೂ ಪೆಟ್ಟಿಗೆಯಿಂದ ಆಗತಾನೆ ಹೊರಬಂದ ಹೊಸ ವಾದ್ಯಗಳೇ. ಯಾವುದನ್ನು ಕೊಳ್ಳಬೇಕು?

ಈ ಪದ್ಧತಿಗೆ ರೆಲಿಕ್ ಎಂದು ಹೆಸರು. ಆ ಪದಕ್ಕೆ ಪವಿತ್ರ ಅವಶೇಷ ಎಂಬ ಅರ್ಥವೂ ಉಂಟು. ಅಮೆರಿಕದ ಫೆಂಡರ್ ಕಂಪನಿಯ ಕಸ್ಟಮ್ ಶಾಪ್ 1995ರಲ್ಲಿ ಇಂಥ ವಾದ್ಯಗಳನ್ನು ಮಾರುಕಟ್ಟೆಗೆ ತಂದಿತು. ಮೊದಲ ವರ್ಷಗಳಲ್ಲಿ ವಿನ್ಸ್ ಕುನೆಟ್ಟೊ ಎಂಬ ಕುಶಲಕರ್ಮಿಯು ಅವುಗಳಿಗೆ ಮುಪ್ಪು ತರುವ ಕೆಲಸವನ್ನು ನಿರ್ವಹಿಸಿದನು. 2009ರಲ್ಲಿ ಮೆಕ್ಸಿಕೊದ ಕಾರ್ಖಾನೆಯಿಂದ ರೋಡ್ ವೋರ್ನ್ ಎಂಬ ಅಗ್ಗದ ಮಾಲೆ ಹೊರಟಿತು. 2021ರಲ್ಲಿ ಗಿಬ್ಸನ್ ಕಂಪನಿಯು ಮರ್ಫಿ ಲ್ಯಾಬ್ ಎಂಬ ವಿಭಾಗವನ್ನೇ ತೆರೆದು, ಸವೆತವನ್ನು ಅತಿ ಲಘು, ಲಘು, ಭಾರಿ, ಅತಿ ಭಾರಿ ಎಂದು ದರ್ಜೆಗಳಾಗಿ ವಿಂಗಡಿಸಿತು. ಮುಪ್ಪನ್ನು ಅಂಗಡಿಯಲ್ಲಿ ಅಳೆದು ಕೊಡುವ ಕಾಲವಿದು.

ಮಾಡುವ ಬಗೆಯನ್ನು ತಿಳಿಯದೆ ವಿಮರ್ಶೆ ಮಾಡುವುದು ಉಚಿತವಲ್ಲ. ಹಳೆಯ ಗಿಟಾರುಗಳಿಗೆ ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ ತಯಾರಿಸಿದ ನೈಟ್ರೋಸೆಲ್ಯುಲೋಸ್ ಮೆರುಗನ್ನು ಬಳಿಯುತ್ತಿದ್ದರು. ಅದು ತೆಳು, ವರ್ಷಗಳು ಕಳೆದಂತೆ ಹಳದಿಗೆ ತಿರುಗಿ, ಶೀತೋಷ್ಣಗಳ ಏರಿಳಿತಕ್ಕೆ ಕೂದಲೆಳೆಯಂತೆ ಬಿರಿಯುತ್ತದೆ. ಇಂದಿನ ಬಹುಪಾಲು ಹೊಸ ವಾದ್ಯಗಳ ಪಾಲಿಯೆಸ್ಟರ್ ಲೇಪವು ದಪ್ಪ, ಗಟ್ಟಿ. ಅದು ಸುಲಭವಾಗಿ ಸವೆಯದು. ರೆಲಿಕ್ ಮಾಡುವವರು ತೆಳು ಮೆರುಗನ್ನು ಬಳಿದು, ತಟ್ಟನೆ ತಣಿಸಿ ಬಿರಿಯಿಸುತ್ತಾರೆ. ಕೈ ತಾಗುವ ಜಾಗವನ್ನು ಉಜ್ಜುಕಾಗದದಿಂದ ತೆಗೆಯುತ್ತಾರೆ. ಲೋಹದ ಬಿಡಿಭಾಗಗಳನ್ನು ಆಮ್ಲದ ಆವಿಗೆ ಒಡ್ಡಿ ಮಂಕಾಗಿಸುತ್ತಾರೆ. ಇದರಲ್ಲಿ ಕೌಶಲವಿದೆ, ತಾಳ್ಮೆಯಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಎಲೆಕ್ಟ್ರಿಕ್ ಗಿಟಾರಿನ ದನಿ ಹುಟ್ಟುವುದು ಅಯಸ್ಕಾಂತದ ಮೇಲೆ ಉಕ್ಕಿನ ತಂತಿ ಮಿಡಿದಾಗ, ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿಯಲ್ಲಿ. ಒಡಲಿನ ಬಣ್ಣವನ್ನು ಕಿತ್ತ ಮಾತ್ರಕ್ಕೆ ಆ ದನಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ.

ಇದು ಮೋಸವೇ ಎಂಬುದು ಶ್ರಾವಕನಿಗೆ ಸಹಜವಾಗಿ ಏಳುವ ಮೊದಲ ಸಂದೇಹ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಇದನ್ನು ಕೃತಕ ಚಿನ್ನ ಮೊದಲಾದುವುಗಳಿಂದ ವಂಚನೆಯೊಡನೆ ನಡೆಸುವ ವ್ಯಾಪಾರವೆಂದು ವಿವರಿಸುತ್ತಾರೆ. ವಂಚನೆಯೊಡನೆ ಎಂಬ ವಿಶೇಷಣವನ್ನು ಅವಸರದ ಓದುಗರು ದಾಟಿಬಿಡುವುದುಂಟು. ಕಾರ್ಖಾನೆಯು ತನ್ನ ಗಿಟಾರು ಹಳೆಯದೆಂದು ಹೇಳುವುದಿಲ್ಲ. ಹಳೆಯದಂತೆ ಮಾಡಿದ್ದೆಂದೇ ಹೇಳಿ, ಆ ಮಾಡುವಿಕೆಗೆ ಹಣ ಪಡೆಯುತ್ತದೆ. ಕಸ್ಟಮ್ ಶಾಪಿನ ವಾದ್ಯದ ತಲೆಯ ಹಿಂಬದಿಯಲ್ಲಿ ಅದರ ಗುರುತೂ ಇರುತ್ತದೆ. ಆದಕಾರಣ ಮಾರುವವನ ಮೇಲೆ ಆ ದೋಷವನ್ನು ಹೊರಿಸುವುದು ನ್ಯಾಯವಲ್ಲ. ಪ್ರಶ್ನೆಯಿರುವುದು ಕೊಂಡವನಲ್ಲಿ. ವೇದಿಕೆಯ ಮೇಲೆ ಆ ವಾದ್ಯವನ್ನು ಹಿಡಿದಾಗ, ಮುಂದೆ ಕುಳಿತವನು ಇವರದು ಬಹುಕಾಲದ ಸಾಧನೆಯೆಂದು ತಿಳಿದರೆ, ಆ ತಿಳಿವಳಿಕೆಯನ್ನು ಅವನು ತಿದ್ದುವನೇ? ಮುಂದೊಂದು ದಿನ ಅದನ್ನು ಮಾರುವಾಗ, ಯಾವ ಗೀರು ಕಾರ್ಖಾನೆಯದು, ಯಾವುದು ತನ್ನದು ಎಂದು ಹೇಳಬಲ್ಲನೇ?

ಇಷ್ಟನ್ನು ಹೇಳಿದ ಮೇಲೆ ಎದುರುಪಕ್ಷದ ಮಾತನ್ನೂ ಕೇಳಬೇಕು. ಹುಡುಗನೇ ಅದನ್ನು ಹೇಳಿದನು, ಚೆನ್ನಾಗಿಯೇ ಹೇಳಿದನು. “ಅಜ್ಜ, ಹೊಳೆಯುವ ಗಿಟಾರು ತಂದರ ನಾ ಅದನ್ನ ಕಾಯಬೇಕಾಗತೈತಿ. ಯಾರರೆ ಮುಟ್ಟಿದರ ಸಿಟ್ಟು ಬರತೈತಿ. ಇದಾದರ ಮೊದಲ ಕೆಟ್ಟೈತಿ, ಚಿಂತಿಲ್ಲ.” ಈ ಮಾತಿಗೆ ನಾನು ಒಡನೆಯೇ ಉತ್ತರ ಕೊಡಲಾರದೆ ಹೋದೆ. ಪರಿಗ್ರಹವೆಂದರೆ ಮೂರ್ಛೆ, ಎಂದರೆ ಮಮಕಾರ, ಎಂದು ನಾವೇ ಮಕ್ಕಳಿಗೆ ಕಲಿಸಿದ್ದಲ್ಲವೇ? ಮೊದಲ ಗೀರಿನ ಭಯದಿಂದ ಬಿಡುಗಡೆ ಕೊಡುವ ವಸ್ತುವು ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಒಂದು ಸಂಶಯ ಉಳಿಯಿತು. ಗೀರಿಲ್ಲದಿರುವಿಕೆಯ ಮೇಲಿನ ಮೋಹ ಹೋಗಿ ಗೀರಿನ ಮೇಲಿನ ಮೋಹ ಬಂದರೆ ಮೂರ್ಛೆ ಎಲ್ಲಿ ಕಡಿಮೆಯಾಯಿತು? ಎರಿಕ್ ಕ್ಲಾಪ್ಟನ್ನನ ಕಪ್ಪು ಗಿಟಾರಿನ ಪ್ರತಿಕೃತಿಗಳನ್ನು 2006ರಲ್ಲಿ 275ರ ಸಂಖ್ಯೆಯಲ್ಲಿ ತಯಾರಿಸಿ, ಒಂದೊಂದನ್ನು 24,000 ಡಾಲರಿಗೆ ಮಾರಿದರು. ಇನ್ನೊಬ್ಬನ ಕೈ ಬಿಡಿಸಿದ ಗೀರಿನ ನಕಲಿಗೆ ಕೊಟ್ಟ ಬೆಲೆಯದು, ನಿಶ್ಚಿಂತೆಗೆ ಕೊಟ್ಟದ್ದಲ್ಲ.

ನಿಜವಾದ ಸವೆತ ಹೇಗಿರುತ್ತದೆಂಬುದಕ್ಕೆ ಐರ್ಲೆಂಡಿನ ರೋರಿ ಗ್ಯಾಲಗರನ ವಾದ್ಯವು ಸಾಕ್ಷಿ. 1961ರಲ್ಲಿ ತಯಾರಾದ ಆ ಗಿಟಾರನ್ನು ಅವನು 1963ರಲ್ಲಿ ಕಾರ್ಕ್ ನಗರದಲ್ಲಿ ಸುಮಾರು 100 ಪೌಂಡುಗಳಿಗೆ, ಸಾಲವಾಗಿ, ಕೊಂಡನು. ಅವನ ಬೆವರಿಗೆ ಅದರ ಬಣ್ಣ ಬಹುಪಾಲು ಹೋಗಿ ಮರ ಕಾಣಿಸಿತು. ಅವನು ತೀರಿಕೊಂಡದ್ದು 1995ರಲ್ಲಿ, ರೆಲಿಕ್ ಗಿಟಾರು ಹುಟ್ಟಿದ ವರ್ಷದಲ್ಲಿಯೇ. ಎರಡು ವರ್ಷ ಕಳೆಯುವಷ್ಟರಲ್ಲಿ ಅವನ ಬೆವರಿನ ಗುರುತುಗಳನ್ನೂ ನಕಲು ಮಾಡಿದ ಪ್ರತಿಕೃತಿ ಮಾರುಕಟ್ಟೆಗೆ ಬಂದಿತು. ಮೂಲ ವಾದ್ಯವು 2024ರಲ್ಲಿ ಹರಾಜಾಗಿ ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಪಾಲಾಯಿತು. ಅದನ್ನು ಕೊಂಡ ದಿನ ಅವನು ಹದಿನೈದರ ಬಾಲಕ. ಸವೆದ ವಾದ್ಯ ಬೇಕೆಂದು ಅವನು ಬಯಸಿರಲಿಲ್ಲ, ಗಿಟಾರು ಬೇಕಾಗಿತ್ತು.

ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಮನೆಗಳಲ್ಲಿ ಕೌದಿಗಳಿವೆ. ಇಳಕಲ್ಲ ಸೀರೆಯು ನೂರಾರು ಸಲ ಒಗೆತ ಕಂಡು, ಟೋಪಿತೆನಿ ಸೆರಗಿನ ಕೆಂಪು ಮಸುಕಾಗಿ, ಉಡಲು ಬಾರದಾದಾಗ ಅಜ್ಜಿಯ ಸೂಜಿಗೆ ಬಂದು ಕೌದಿಯಾಗುತ್ತಿತ್ತು. ಅದರ ಮೆತ್ತಗಿರುವಿಕೆಯು ಒಗೆತದ ಫಲ. ಹೊಸ ಬಟ್ಟೆಯ ತುಂಡುಗಳನ್ನೇ ಜೋಡಿಸಿ ಕೌದಿಯ ಹೆಸರಿನಲ್ಲಿ ಮಾರುವವರೂ ಈಗ ಇದ್ದಾರೆ. ಬೆಚ್ಚಗಿಡುವ ಕೆಲಸವನ್ನು ಅದೂ ಮಾಡುತ್ತದೆ. ಆದರೆ ಅದರಲ್ಲಿ ಯಾರ ಸೀರೆ ಎಲ್ಲಿದೆಯೆಂದು ಮಕ್ಕಳಿಗೆ ಬೆರಳಿಟ್ಟು ತೋರಿಸಲು ಬರುವುದಿಲ್ಲ.

ಹತ್ತಿರದ ಐಹೊಳೆಯ ಮೇಗುತಿ ಜಿನಾಲಯವನ್ನು ಕಟ್ಟಿಸಿದ ರವಿಕೀರ್ತಿಯು ಗೋಡೆ ಹೊಸದಾಗಿದ್ದಾಗಲೇ ಅದರ ಮೇಲೆ ಕಾಲವನ್ನು ಬರೆಯಿಸಿದನು: ಶಕ 556, ಎಂದರೆ ಕ್ರಿ.ಶ. 634. ತನ್ನ ಗುಡಿ ಹಳೆಯದಾಗಿ ಕಾಣಲೆಂದು ಅವನು ಕಲ್ಲಿಗೆ ಮಸಿ ಬಳಿಸಲಿಲ್ಲ. ಇಂದು ಬಸದಿಗಳ ಪ್ರಭಾವಳಿ, ದೀಪಸ್ತಂಭ, ಹಿತ್ತಾಳೆಯ ಬಾಗಿಲುವಾಡಗಳಿಗೆ ಆ್ಯಂಟಿಕ್ ಫಿನಿಶ್ ಬೇಕೇ ಎಂದು ವ್ಯಾಪಾರಿಗಳು ಕೇಳಿದಾಗ ನಮ್ಮ ಟ್ರಸ್ಟಿಗಳು ತಲೆಯಾಡಿಸುವ ಮುನ್ನ ಒಮ್ಮೆ ಮೇಗುತಿಯ ಗುಡ್ಡ ಹತ್ತಿ ಬರಲಿ. ಬೇಕೆಂದೇ ಮಾಡಿಸುವುದಾದರೆ ಮಾಡಿಸಿದ ವರ್ಷವನ್ನಾದರೂ ಕೆತ್ತಿಸಲಿ.

ನಮ್ಮ ಓದುಗರ ಗಮನಕ್ಕೆ ತರಬೇಕಾದ ವಿಷಯವೊಂದು ಉಳಿಯಿತು; ಇದನ್ನು ಅಂಗಡಿಯವರು ತಾವಾಗಿ ಹೇಳುವುದು ಅಪರೂಪ. ಹಳೆಯ ಕಾಲದ ರೂಪವನ್ನು ಪೂರ್ತಿಯಾಗಿ ಮರಳಿ ತರಬೇಕೆಂಬ ಹಟ ಹೆಚ್ಚಿದಂತೆ ಹಳೆಯ ಕಾಲದ ಹಿಂಸೆಯೂ ಮರಳುತ್ತದೆ. ಗಿಟಾರಿನ ಕತ್ತಿನ ತುದಿಯಲ್ಲಿ ತಂತಿಗಳನ್ನು ಹಿಡಿಯುವ ನಟ್ ಎಂಬ ಪಟ್ಟಿಯು ಬೆಲೆಬಾಳುವ ಅನೇಕ ವಾದ್ಯಗಳಲ್ಲಿ ದನದ ಮೂಳೆಯದು. ಗಿಬ್ಸನ್ ಕಂಪನಿಯ ಐತಿಹಾಸಿಕ ಮರುಸೃಷ್ಟಿಗಳಲ್ಲಿ ಪ್ರಾಣಿಗಳ ಚರ್ಮದಿಂದ ತೆಗೆದ ಅಂಟನ್ನು ಬೇಕೆಂದೇ ಬಳಸುತ್ತಾರೆ. ಸಾಧಾರಣ ಬೆಲೆಯ ಹೊಸ ಗಿಟಾರುಗಳಲ್ಲಿ ಕೃತಕ ಮೂಳೆ, ಪ್ಲಾಸ್ಟಿಕ್ಕು, ಸಂಶ್ಲೇಷಿತ ಅಂಟುಗಳೇ ಹೆಚ್ಚು. ಬಸದಿಯ ಮಂಟಪದಲ್ಲಿ ನುಡಿಸುವ ವಾದ್ಯವನ್ನು ಕೊಳ್ಳುವ ಮುನ್ನ ನಟ್ ಯಾವುದರದು, ಅಂಟು ಯಾವುದು ಎಂದು ಕೇಳುವುದು ಸಂಕೋಚಪಡುವ ಸಂಗತಿಯಲ್ಲ. ನನ್ನ ಮಟ್ಟಿಗೆ ಬಣ್ಣದ ಪ್ರಶ್ನೆಗಿಂತ ಇದು ದೊಡ್ಡದು.

ಹುಡುಗನಿಗೆ ನಾನು ಹೇಳಿದ್ದಿಷ್ಟು. ಸವೆದ ವಾದ್ಯದ ಕತ್ತಿನ ಅಂಚು ದುಂಡಗಾಗಿ ಕೈಗೆ ಹಿತವಾಗಿರುವುದು ನಿಜ. ಆ ಗುಣವೊಂದೇ ಬೇಕಾದರೆ ಅಂಚು ದುಂಡಾಗಿಸಿದ ಹೊಸ ಗಿಟಾರುಗಳೂ ದೊರೆಯುತ್ತವೆ, ಬಲ್ಲ ಕುಶಲಕರ್ಮಿಯು ಅಲ್ಪ ಹಣಕ್ಕೆ ಮಾಡಿಯೂ ಕೊಡುತ್ತಾನೆ. ಉಳಿದ ಸವೆತಕ್ಕೆ ಹಣ ಕೊಡಬೇಡ, ಅದನ್ನು ನೀನೇ ಮಾಡು.

ಅವನು ಹೊಳೆಯುವುದನ್ನೇ ತಂದನು, ಕೃತಕ ಮೂಳೆಯ ನಟ್ ಇದ್ದುದನ್ನು. ಮಹಾವೀರ ಜಯಂತಿಯ ಮೆರವಣಿಗೆಯಲ್ಲಿ ಮೈಕಿನ ಕಂಬ ತಾಗಿ ಕೆಳಗಿನ ಅಂಚಿನಲ್ಲಿ ಕಾಳಿನಷ್ಟು ಬಣ್ಣ ಹಾರಿತು. ಎರಡು ದಿನ ಮುಖ ಬಾಡಿಸಿಕೊಂಡಿದ್ದವನು ಮೂರನೆಯ ದಿನ, “ಅಲ್ಲೆ ಇರಲಿ ಬಿಡ್ರಿ,” ಎಂದು ತಂತಿ ಬಿಗಿಯತೊಡಗಿದನು.