ಸೂಕ್ಷ್ಮದರ್ಶಕ ಕೇಂದ್ರಗಳಿಗೆ ಧನಸಹಾಯ: ಒಂದು ವಿಮರ್ಶೆ

ವಿಶ್ವವಿದ್ಯಾನಿಲಯಗಳ ಸಾಮಾನ್ಯ ಸೂಕ್ಷ್ಮದರ್ಶಕ ಕೇಂದ್ರಗಳಿಗೆ ಹೊಸ ಯಂತ್ರಗಳನ್ನು ತರಿಸುವ ವಿಷಯದಲ್ಲಿ ಇತಿಹಾಸ ವಿಭಾಗದವನೊಬ್ಬನು ಅಭಿಪ್ರಾಯ ಹೇಳಹೊರಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ದಾನದತ್ತಿಗಳನ್ನೂ ಅವುಗಳ ನಿಬಂಧನೆಗಳನ್ನೂ ಓದುವುದು ನಮ್ಮ ಕಸುಬು. ಧನಸಹಾಯದ ಮಂಜೂರಾತಿ ಪತ್ರವೂ ಒಂದು ಬಗೆಯ ದಾನಶಾಸನವೇ ಸರಿ. ಆ ದೃಷ್ಟಿಯಿಂದ ಈಗಿನ ಪದ್ಧತಿಯನ್ನು ಪರಿಶೀಲಿಸಿದರೆ ಒಂದು ದೊಡ್ಡ ಲೋಪ ಎದ್ದು ಕಾಣುತ್ತದೆ. ಕೊಟ್ಟ ವಸ್ತು ಯಾವುದೆಂಬುದು ಸ್ಪಷ್ಟವಾಗಿರುತ್ತದೆ. ಅದನ್ನು ಕಾಪಾಡುವವರು ಯಾರು, ಯಾವ ಹಣದಿಂದ ಎಂಬುದು ಮಾತ್ರ ಅಸ್ಪಷ್ಟವಾಗಿಯೇ ಉಳಿಯುತ್ತದೆ.

ಹಲವರ ಉಪಯೋಗಕ್ಕೆ ಒಂದೆಡೆ ಯಂತ್ರವೆಂಬ ಕಲ್ಪನೆ ಹೊಸದಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಮೊದಲು ರಚಿಸಿದವರು ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದ ಮಾಕ್ಸ್ ಕ್ನೋಲ್ ಮತ್ತು ಅರ್ನ್ಸ್ಟ್ ರುಸ್ಕ. ಅದು ೧೯೩೧ರ ಸಂಗತಿ. ಅದರಿಂದ ಪ್ರಯೋಜನವುಂಟೆಂಬ ನಂಬಿಕೆ ಹಣವುಳ್ಳವರಲ್ಲಿ ಹುಟ್ಟಲು ಹಲವು ವರ್ಷಗಳು ಹಿಡಿದವು. ೧೯೩೭ರಲ್ಲಿ ಸೀಮೆನ್ಸ್ ಸಂಸ್ಥೆಯವರು ಕೈಹಿಡಿದ ಮೇಲೆ ೧೯೩೯ರಲ್ಲಿ ಮಾರಾಟದ ಯಂತ್ರ ಸಿದ್ಧವಾಯಿತು. ಮರುವರ್ಷವೇ ಆ ಸಂಸ್ಥೆ ಹೊರಗಿನಿಂದ ಬರುವ ವಿಜ್ಞಾನಿಗಳಿಗಾಗಿ ನಾಲ್ಕು ಸೂಕ್ಷ್ಮದರ್ಶಕಗಳ ಅತಿಥಿ ಪ್ರಯೋಗಾಲಯವೊಂದನ್ನು ತೆರೆದು, ಅರ್ನ್ಸ್ಟ್‌ನ ತಮ್ಮನೂ ವೈದ್ಯನೂ ಆಗಿದ್ದ ಹೆಲ್ಮುಟ್ ರುಸ್ಕನಿಗೆ ಅದನ್ನು ಒಪ್ಪಿಸಿತು. ಯಂತ್ರವನ್ನೂ ಯಂತ್ರ ಬಲ್ಲವನನ್ನೂ ಒಟ್ಟಿಗೆ ಒದಗಿಸಿದುದು ಇಲ್ಲಿ ಗಮನಾರ್ಹ. ನಮ್ಮ ದೇಶದಲ್ಲಿ ೧೯೪೦ರ ದಶಕದಲ್ಲಿ ನೀರಜನಾಥ ದಾಸಗುಪ್ತರು ಕಲ್ಕತ್ತೆಯಲ್ಲಿ ಇಂಥ ಯಂತ್ರವನ್ನು ತಾವೇ ಕಟ್ಟಿದರು. ಕಟ್ಟಿದವರಿಗೆ ಅದರ ರಿಪೇರಿ ಬಗೆಹರಿಯದ ಪ್ರಶ್ನೆಯಾಗಲಾರದು. ಕೊಂಡು ತಂದವರಿಗೆ ಅದೇ ಮೊದಲ ಪ್ರಶ್ನೆ.

ಕೇಂದ್ರಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ೧೯೭೧ರಲ್ಲಿ ಹುಟ್ಟಿತು. ಆ ದಶಕದಲ್ಲಿಯೇ ಅದು ಪ್ರಾದೇಶಿಕ ಉನ್ನತೋಪಕರಣ ಕೇಂದ್ರಗಳನ್ನು ಸ್ಥಾಪಿಸತೊಡಗಿತು. ಸ್ವಂತ ಯಂತ್ರಗಳಿಲ್ಲದ ಸಂಸ್ಥೆಗಳ ಸಂಶೋಧಕರಿಗೆ ನೆರವಾಗುವುದು ಆ ಯೋಜನೆಯ ಮುಖ್ಯ ಗುರಿ. ಮುಂದೆ ಇವು 'ಸೈಫ್' ಎಂಬ ಹೆಸರು ಪಡೆದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿಯೂ ಅಂಥ ಕೇಂದ್ರವುಂಟು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಉಪಕರಣಗಳ ದುರಸ್ತಿ ಮತ್ತು ಪಾಲನೆಗೆಂದೇ ವಿಜ್ಞಾನೋಪಕರಣ ಕೇಂದ್ರಗಳನ್ನು ಏರ್ಪಡಿಸಿದ್ದು ವಿವೇಕದ ಕೆಲಸ. ೨೦೦೦ದಲ್ಲಿ ವಿಭಾಗಗಳ ಬಲವರ್ಧನೆಗೆ 'ಫಿಸ್ಟ್' ಯೋಜನೆ ಬಂದಿತು; ಪಾಲನೆಗೆ ಅದರಲ್ಲಿ ಸ್ವಲ್ಪ ಅವಕಾಶವಿದ್ದರೂ ಸಹಾಯದ ಅವಧಿ ಐದು ವರ್ಷ ಮಾತ್ರ. ೨೦೨೦ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನ ಸಂದರ್ಭದಲ್ಲಿ, ದೇಶದ ಉಪಕರಣಗಳೆಲ್ಲಿವೆಯೆಂದು ಸಂಶೋಧಕರಿಗೆ ತಿಳಿಸುವ 'ಐ-ಸ್ಟೆಮ್' ಜಾಲತಾಣ ಉದ್ಘಾಟನೆಯಾಯಿತು. ಇವೆಲ್ಲವೂ ಸ್ತುತ್ಯರ್ಹ ಪ್ರಯತ್ನಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪಟ್ಟಿಯಲ್ಲಿ ಯಂತ್ರದ ಹೆಸರಿರುವುದು ಬೇರೆ, ಯಂತ್ರ ನಡೆಯುತ್ತಿರುವುದು ಬೇರೆ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಗಾಜಿನ ಕಪಾಟಿನಲ್ಲಿಟ್ಟು ಬೇಕಾದಾಗ ತೆಗೆಯುವ ಸಾಮಗ್ರಿಯಲ್ಲ. ಅದರ ಕೊಳವೆಯಲ್ಲಿ ನಿರ್ವಾತವಿರಬೇಕು. ಅದಕ್ಕಾಗಿ ಪಂಪುಗಳು ದುಡಿಯಬೇಕು. ತಣ್ಣೀರು, ಏರಿಳಿತವಿಲ್ಲದ ವಿದ್ಯುತ್ತು, ಕಂಪನವಿಲ್ಲದ ನೆಲ ಇವು ಅನಿವಾರ್ಯ. ಟಂಗ್‌ಸ್ಟನ್ ತಂತಿ ಕೆಲವು ಹತ್ತು ಗಂಟೆಗಳ ಬಳಕೆಯಲ್ಲಿ ಸುಟ್ಟುಹೋಗುತ್ತದೆ. ಇನ್ನೊಂದನ್ನು ಹಾಕಿ ಕಿರಣವನ್ನು ನೇರಗೊಳಿಸಬಲ್ಲ ಪಳಗಿದ ಕೈ ಬೇಕು. ತಯಾರಕರೊಡನೆ ಮಾಡಿಕೊಳ್ಳುವ ಪಾಲನೆಯ ಒಪ್ಪಂದಕ್ಕೆ ಸಾಮಾನ್ಯವಾಗಿ ಪ್ರತಿವರ್ಷವೂ ಯಂತ್ರದ ಬೆಲೆಯ ಶೇಕಡಾ ೫ರಿಂದ ೧೦ರಷ್ಟು ವೆಚ್ಚವಾಗುತ್ತದೆ. ಐದು ಕೋಟಿ ರೂಪಾಯಿಯ ಯಂತ್ರವೆಂದು ಭಾವಿಸಿದರೆ ವರ್ಷಕ್ಕೆ ೨೫ರಿಂದ ೫೦ ಲಕ್ಷ. ಹತ್ತು ವರ್ಷಗಳಲ್ಲಿ ಅರ್ಧ ಬೆಲೆಯನ್ನೋ ಪೂರ್ತಿ ಬೆಲೆಯನ್ನೋ ಮತ್ತೆ ತೆತ್ತಂತೆ. ಇದರಲ್ಲಿ ಚಾಲಕನ ಸಂಬಳ ಸೇರಿಲ್ಲ.

ಈ ಲೆಕ್ಕ ಈ ಲೇಖಕನಿಗೆ ಅನುಭವದಿಂದ ತಿಳಿದುದು. ಹಳೆಯ ಕುಲುಮೆಯೊಂದರ ಕಬ್ಬಿಣದ ಕಿಟ್ಟವನ್ನು ಪರೀಕ್ಷಿಸಿದರೆ ಅದನ್ನು ಕರಗಿಸಿದ ವಿಧಾನ ತಿಳಿದೀತೆಂಬ ಆಸೆಯಿಂದ ನಾನು ಒಂದು ಕೇಂದ್ರಕ್ಕೆ ಹೋಗಿದ್ದೆನು. ಬಾಗಿಲ ಬಳಿ ಉದ್ಘಾಟನೆಯ ಫಲಕ ಹೊಳೆಯುತ್ತಿತ್ತು. ಒಳಗೆ ಯಂತ್ರಕ್ಕೆ ಹೊದಿಕೆ ಹಾಕಿತ್ತು. ತಾತ್ಕಾಲಿಕ ನೇಮಕದ ಚಾಲಕನು ಅವಧಿ ಮುಗಿದು ಹೊರಟುಹೋಗಿದ್ದನು. ಪಾಲನೆಯ ಒಪ್ಪಂದ ನವೀಕರಣವಾಗಿರಲಿಲ್ಲ. ನನ್ನ ಕಿಟ್ಟ ನೂರಾರು ವರ್ಷ ಕಾದಿದೆ, ಇನ್ನೆರಡು ವರ್ಷ ಕಾಯಬಲ್ಲುದು. ಆದರೆ ತಾಲ್ಲೂಕು ಕಾಲೇಜೊಂದರಿಂದ ಪರಾಗರೇಣುಗಳ ಮಾದರಿಗಳನ್ನು ತಂದಿದ್ದ ಸಂಶೋಧನ ವಿದ್ಯಾರ್ಥಿನಿಗೆ ಅದು ಮೂರನೆಯ ಪ್ರಯಾಣ, ವಿದ್ಯಾರ್ಥಿವೇತನದ ಕೊನೆಯ ವರ್ಷ. ಪಕ್ಕದ ಕೊಠಡಿಯಲ್ಲಿ ಅದಕ್ಕಿಂತ ದೊಡ್ಡ ಯಂತ್ರಕ್ಕಾಗಿ ಅರ್ಜಿ ಸಿದ್ಧವಾಗುತ್ತಿತ್ತು.

ಹೊಸ ಯಂತ್ರವೇ ಬೇಡವೆಂಬುದು ನನ್ನ ವಾದವಲ್ಲ. ಹಳೆಯ ಯಂತ್ರಗಳ ಬಿಡಿಭಾಗಗಳು ಕ್ರಮೇಣ ದುರ್ಲಭವಾಗುತ್ತವೆ; ಹೊಸ ಪ್ರಶ್ನೆಗಳಿಗೆ ಹೊಸ ಸಾಧನ ಬೇಕು. ಅತಿಶೀತದಲ್ಲಿ ಪ್ರೋಟೀನುಗಳನ್ನು ನೋಡುವ ವಿಧಾನಕ್ಕೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ಬಂದ ಮೇಲೆ, ಅದನ್ನು ಹಳೆಯ ಯಂತ್ರದಿಂದಲೇ ಸಾಧಿಸಿರೆಂದು ಯಾರೂ ಹೇಳಲಾರರು. ಪಾಲನೆಯ ವೆಚ್ಚವನ್ನು ಬಳಕೆದಾರರ ಶುಲ್ಕದಿಂದಲೇ ಹುಟ್ಟಿಸಬೇಕೆಂಬ ಮಾತನ್ನು ಮಾತ್ರ ಒಪ್ಪಲಾಗದು. ಶುಲ್ಕ ಏರಿದಂತೆ ಮೊದಲು ಹಿಂದೆ ಸರಿಯುವವರು ಬಡ ಕಾಲೇಜಿನವರೇ. ಯಾರಿಗಾಗಿ ಕೇಂದ್ರಗಳು ಹುಟ್ಟಿದವೋ ಅವರನ್ನು ಹೊರಗಿಟ್ಟು ಕೇಂದ್ರವನ್ನು ಉಳಿಸಿಕೊಂಡಂತಾಗುತ್ತದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ೧೯೮೨ರಿಂದ ಹಂಚಿಕೆಯ ಉಪಕರಣಗಳಿಗೆ ಅನುದಾನ ನೀಡುತ್ತ ಬಂದಿವೆ. ಆ ಹಣವೂ ಮುಖ್ಯವಾಗಿ ಖರೀದಿಗೇ. ಆದರೆ ಕನಿಷ್ಠ ಮೂವರು ಪ್ರಮುಖ ಬಳಕೆದಾರರು, ಸಮಯ ಹಂಚುವ ಸಲಹಾ ಸಮಿತಿ, ಯಂತ್ರವನ್ನು ನಡೆಸಿಕೊಂಡು ಹೋಗುವುದಾಗಿ ಸಂಸ್ಥೆಯ ಲಿಖಿತ ವಚನ, ಇವನ್ನು ಅರ್ಜಿಯಲ್ಲಿಯೇ ಕಾಣಿಸಬೇಕು. ಪಾಲನೆಯ ಪ್ರಶ್ನೆಯನ್ನು ಖರೀದಿಗೆ ಮೊದಲೇ ಕೇಳುವ ಈ ಕ್ರಮ ಅನುಕರಣೀಯ.

ಇದಕ್ಕಾಗಿ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಶಾಸನಗಳಲ್ಲಿ ದೇಗುಲ ಕಟ್ಟಿಸಿದವರು 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆ, ಅಂದರೆ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆ, ಸೀಮೆ ಗುರುತಿಸಿದ ಭೂಮಿಯನ್ನು ಬಿಡುತ್ತಿದ್ದರು. ದೇಗುಲ ಒಡೆಯುತ್ತದೆ ಎಂಬುದು ಕಟ್ಟಿಸುವಾಗಲೇ ಅವರಿಗೆ ತಿಳಿದಿತ್ತು. ಕಲಬುರಗಿ ಜಿಲ್ಲೆಯ ನಾಗಾವಿಯ ೧೦೫೮ರ ಶಾಸನ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿನ ಘಟಿಕಾಸ್ಥಾನದ ದತ್ತಿಯಲ್ಲಿ ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀಭಂಡಾರಿಗರೂ ಲೆಕ್ಕಕ್ಕೆ ಬಂದಿದ್ದಾರೆ. ಗ್ರಂಥಗಳು ಹಲವರ ಬಳಕೆಗೆ ಸಿಗಬೇಕಾದರೆ ಅವನ್ನು ಕಾಯುವವರ ಹೊಟ್ಟೆಪಾಡನ್ನೂ ದಾನಿಯೇ ನೋಡಬೇಕೆಂಬ ತಿಳಿವಳಿಕೆ ಅಲ್ಲಿದೆ.

ಆದಕಾರಣ, ಯಂತ್ರದ ಮಂಜೂರಾತಿಯೊಡನೆ ಹತ್ತು ವರ್ಷಗಳ ಪಾಲನಾನಿಧಿಯೂ ಒಂದು ಖಾಯಂ ಚಾಲಕ ಹುದ್ದೆಯೂ ಮಂಜೂರಾಗಬೇಕು. ಎರಡಕ್ಕೂ ಹಣ ಸಾಲದಿದ್ದರೆ ಚಿಕ್ಕ ಯಂತ್ರವನ್ನು ಕೊಳ್ಳುವುದು ಮೇಲು. ಕೇಂದ್ರದ ವಾರ್ಷಿಕ ವರದಿಯಲ್ಲಿ ಯಂತ್ರಗಳ ಬೆಲೆಯ ಜೊತೆಗೆ ಅವು ನಡೆದ ದಿನಗಳನ್ನೂ, ಹೊರಗಿನಿಂದ ಬಂದು ಕೆಲಸ ಮುಗಿಸಿಕೊಂಡು ಹೋದವರ ಸಂಖ್ಯೆಯನ್ನೂ ಅಚ್ಚುಮಾಡತಕ್ಕದ್ದು. ಮುಂದೆ ನಮ್ಮ ಕಾಲದ ವಿದ್ಯೆಯ ಚರಿತ್ರೆಯನ್ನು ಬರೆಯುವವನಿಗೆ ಉದ್ಘಾಟನೆಯ ಫಲಕಕ್ಕಿಂತ ಆ ಎರಡು ಅಂಕಿಗಳು ಹೆಚ್ಚು ಬೆಲೆಯ ಆಧಾರಗಳಾಗುತ್ತವೆ.