ಹಂಪಿಯ ಗುಂಡುಗಳು

ಹಂಪಿಯ ಗುಂಡುಕಲ್ಲುಗಳನ್ನು ಕಂಡರೆ ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತಿದೆ. ವಾಲಿ-ಸುಗ್ರೀವರ ಜಗಳದಲ್ಲಿ ಬಿದ್ದವು ಅನ್ನುವುದು ಊರ ಮಾತು. ಅಸಲಿಗೆ ಯಾರೂ ಎತ್ತಿಟ್ಟದ್ದಲ್ಲ, ಇದ್ದಲ್ಲೇ ಬಿಡಿಯಾದವು. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಇದು. ನೆಲದೊಳಗಿದ್ದಾಗಲೇ ಬಿರುಕಿಗಿಳಿದ ನೀರು, ಬಿರುಕುಗಳ ನಡುವಿನ ಚೌಕ ತುಂಡುಗಳ ಮೂಲೆಗಳನ್ನು ಮೂರು ಮಗ್ಗುಲಿಂದ ತಿಂದು, ಅವನ್ನು ಉಂಡೆ ಮಾಡಿತು. ಪುಡಿಯಾದ ಮಣ್ಣನ್ನು ಮಳೆ ತೊಳೆದೊಯ್ದಾಗ ಉಂಡೆಗಳು ಬಯಲಿಗೆ ಬಂದವು. ಈರುಳ್ಳಿ ಸಿಪ್ಪೆಯ ಹಾಗೆ ಹೊರಪದರ ಈಗಲೂ ಏಳುತ್ತಿದೆ. ಅಂಥ ಕಡೆ ತಟ್ಟಿದರೆ ಟೊಳ್ಳು ಸದ್ದು. ಹೇಮಕೂಟ ಬೆಟ್ಟದ ಇಳಿಜಾರಿನ ಕಡಲೆಕಾಳು ಗಣೇಶ ಇಂಥದೇ ಒಂದು ಗುಂಡಿನೊಳಗಿಂದ ಎದ್ದುಬಂದವನು. ನನಗೆ ಮಾತ್ರ ಅವನಿಗಿಂತ ಬಂಡೆ ಸೀಳಲು ಕಲ್ಲುಕುಟಿಗರು ಕೊರೆದ ಬೆಣೆಗುಳಿಗಳೇ ಇಷ್ಟ: ಗೆಣ್ಣುದ್ದದ ತೂತುಗಳು, ಹೊಲಿಗೆ ಹಾಕಿದಂತೆ ಸಾಲಾಗಿ. ಕೆಲವು ಬಂಡೆಗಳಲ್ಲಿ ಗುಳಿ ಕೊರೆದವರು ಸೀಳದೆಯೇ ಎದ್ದು ಹೋಗಿದ್ದಾರೆ.